ಗೋಡೆಗೆ ಕಾಗದ ಹೊದಿಸಿದ ಸಂಜೆ

ನಾಳೆ ಒಂಬತ್ತಕ್ಕೆ ಪರೀಕ್ಷೆ.
ನಿಯಮದ ಹಾಳೆ ಹೇಳುತ್ತದೆ: ಗೋಡೆಯ ಮೇಲೆ
ಉತ್ತರ ಹೇಳಿಕೊಡುವಂಥದ್ದು ಯಾವುದೂ ಕಾಣಕೂಡದು.
ಅದಕ್ಕೇ ನಾನೀಗ, ಐವತ್ತೊಂದು ವರ್ಷದ ಮಂಡಿ ಹೊತ್ತು,
ಮಕ್ಕಳ ಪುಟ್ಟ ಕುರ್ಚಿಯ ಮೇಲೆ ನಿಂತಿದ್ದೇನೆ,
ಬಗಲಲ್ಲಿ ಕಂದು ಕಾಗದದ ಸುರುಳಿ, ಹಲ್ಲಲ್ಲಿ ಅಂಟುಪಟ್ಟಿ.

ಹೊರಗೆ ಆಂಡ್ರೊಸ್ಕಾಗಿನ್ ನದಿ
ಏಪ್ರಿಲ್ಲಿನ ಕೊನೆಯ ಮಂಜುಗಡ್ಡೆಗಳನ್ನು
ಭಾಗಿಸಿ ಭಾಗಿಸಿ ಸಾಗಿಸುತ್ತಿದೆ, ಶೇಷ ಉಳಿಸದೆ.
ದಡದಲ್ಲಿ ಮಿಲ್ಲು. ಕೆಂಪಿಟ್ಟಿಗೆ, ಒಡೆದ ಗಾಜು.
ಕ್ವಿಬೆಕ್ಕಿನಿಂದ ಈ ಲೂಯಿಸ್ಟನ್ನಿಗೆ ಬಂದ ನನ್ನಜ್ಜಿ
ಹದಿನಾಲ್ಕಕ್ಕೇ ಅಲ್ಲಿ ಮಗ್ಗದೆದುರು ನಿಂತವಳು;
ಮಗ್ಗಿ ಬಾರದವಳು. ಎಳೆ ಎಣಿಸುವುದರಲ್ಲಿ ಮಾತ್ರ
ಮೇಸ್ತ್ರಿಗೂ ಸುಳ್ಳು ಹೇಳಲು ಬಿಡದವಳು.

ಆರು ವಾರ. ಐದನೇ ತರಗತಿ, ಇಪ್ಪತ್ಮೂರು ಮಕ್ಕಳು,
ದಿನಕ್ಕೆ ನಲವತ್ತು ನಿಮಿಷ ಅದೇ ಅಭ್ಯಾಸ.
ಎಂಟರಲ್ಲಿ ಮೂರೋ ಐದರಲ್ಲಿ ಎರಡೋ, ಯಾವುದು ದೊಡ್ಡದು?
ಎಂಟೂ ದೊಡ್ಡದು, ಮೂರೂ ದೊಡ್ಡದು ಎಂದು
ಹಟ ಹಿಡಿದ ರೆಮಿ ತಿಬೋಡೊಗೆ
ಬೆಳಗಿನ ವಾಫಲ್ ಕತ್ತರಿಸಿ ತೋರಿಸಹೊರಟೆ.
ಎಂಟು ಹೋಳು ಮಾಡುವಷ್ಟರಲ್ಲಿ ಎರಡು ತಿಂದಿದ್ದ.
ಛೇದ ಬೆಳೆದಷ್ಟೂ ಚೂರು ಸಣ್ಣದಾಗುತ್ತದೆಂದು
ಅವನ ಹೊಟ್ಟೆಗೆ ತಿಳಿಯಿತು, ತಲೆಗೆ ಇನ್ನೂ ಅನುಮಾನ.

ದಶಾಂಶದ ದಿನ ಹೊಟ್ಟೆನೋವೆಂದು
ನರ್ಸ್ ಕೋಣೆಗೆ ಹೋಗಿ ಮಲಗುವ ಜೋಸೆಲಿನ್
ಅಲ್ಲಿಂದಲೇ ಚೀಟಿ ಕಳಿಸಿದಳು:
ಮಿಸ್, ಚುಕ್ಕಿ ಎಲ್ಲಿಡಲಿ?

ಆಮೇಲೆ ಬಸ್ಸಿನ ಲೆಕ್ಕ. ನೂರಹನ್ನೆರಡು ಮಕ್ಕಳು,
ಬಸ್ಸಿಗೆ ಮೂವತ್ತಾರು ಸೀಟು, ಎಷ್ಟು ಬಸ್ಸು ಬೇಕು?
ರೆಮಿಯ ಭಾಗಾಕಾರ ಸರಿ. ಮೂರು, ಶೇಷ ನಾಲ್ಕು.
ಉತ್ತರ: ಮೂರು ಬಸ್ಸು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ:
ಉಳಿದ ನಾಲ್ವರನ್ನು ನಮ್ಮ ಮಾವ ಪಿಕಪ್ಪಿನಲ್ಲಿ ತರುತ್ತಾನೆ.
ಉತ್ತರಸೂಚಿ ನಾಲ್ಕು ಎನ್ನುತ್ತದೆ. ತಪ್ಪು ಹಾಕಿದೆ.
ಹಾಕಿದ ಆ ಕೆಂಪು ಗೀಟು
ರಾತ್ರಿ ಪಾತ್ರೆ ತೊಳೆಯುವಾಗಲೂ ಕಣ್ಣಿಗೆ ಬಿತ್ತು.
ಯಾರನ್ನೂ ದಾರಿಯಲ್ಲಿ ಬಿಟ್ಟಿರಲಿಲ್ಲ ಹುಡುಗ;
ಅದನ್ನು ಹೇಳಿಕೊಳ್ಳಲು ನಾಳೆ ಪರದೆಯಲ್ಲಿ ಇರುವುದು
ಒಂದಂಕಿ ಹಿಡಿಸುವ ಚೌಕ.

ಇಫ್ರಾ ಮನೆಗೆ ಹೋಗದೆ ಉಳಿದಿದ್ದಾಳೆ.
ಅವಳಮ್ಮನ ಪಾಳಿ ಮುಗಿಯುವುದು ಐದೂವರೆಗೆ.
ಕಾಗದದ ಕೆಳತುದಿ ಅವಳ ಕೈಲಿ, ಮೇಲ್ತುದಿ ನನ್ನ ಕೈಲಿ.
ಒಂದೊಂದು ಸಾಲು ಮುಚ್ಚುವಾಗಲೂ ಅವಳ ತುಟಿ ಆಡುತ್ತದೆ,
ಸೋಮಾಲಿಯಲ್ಲಿ. ಕೊಂತನ್ ಇಯೋ ಲಿಹ್.
ಇಂಗ್ಲಿಷಿನಲ್ಲಿ ಎಣಿಸು ಮಗೂ, ಎಂದು
ಸೆಪ್ಟೆಂಬರಿನಲ್ಲಿ ನಾನೇ ಹೇಳಿದ್ದೆ. ಈಗ ಹೇಳುವುದಿಲ್ಲ.
ನನ್ನಜ್ಜಿ ಎಣಿಸುತ್ತಿದ್ದುದೂ ಫ್ರೆಂಚಿನಲ್ಲೇ,
ದೇವರನ್ನು ಬೈಯುತ್ತಿದ್ದುದೂ.

ಗೋಡೆ ಬೋಳಾಯಿತು. ಭಿನ್ನರಾಶಿಯ ಪಿಜ್ಜಾ ಹೋಯಿತು,
ಸಂಖ್ಯಾರೇಖೆ ಹೋಯಿತು,
'ತಪ್ಪು ಮಾಡಿದರೆ ಮಿದುಳು ಬೆಳೆಯುತ್ತೆ' ಎಂಬ ಫಲಕವೂ.
ಅದರಲ್ಲಿ ಯಾವ ಉತ್ತರವಿತ್ತೋ. ಇರಲಿ, ಮುಚ್ಚಿದೆ.

ಇಫ್ರಾ ಹಿಂದೆ ಸರಿದು ನೋಡಿದಳು. ಮತ್ತೆ ಮುಂದೆ ಬಂದು
ಖಾಲಿ ಕಾಗದದ ಮೇಲೆ ಬೆರಳಿಟ್ಟಳು:
ಇಲ್ಲಿ ಏಳೆಂಟ್ಲ ಐವತ್ತಾರು.
ಎಡಕ್ಕೆ ನಲವತ್ತೊಂಬತ್ತು.
ಅದರ ಕೆಳಗೆ ಇನ್ನೊಂದು ಐವತ್ತಾರು.
ನಾನು ಕಾಗದ ಎತ್ತಿ ನೋಡಲಿಲ್ಲ.

ಆಗ ಬಂದ ಲೂಸಿಯೆನ್, ಕಸದ ಗಾಡಿ ತಳ್ಳಿಕೊಂಡು.
ಕುರ್ಚಿ ಗಟ್ಟಿಯಾಗಿ ಹಿಡಿದು ನನ್ನನ್ನು ಇಳಿಸಿ,
ತಲೆಯೆತ್ತಿ ಕೇಳಿದ: ಗಡಿಯಾರ?
ಅದರಲ್ಲಿ ಐದರ ಮಗ್ಗಿ ಪೂರ್ತಿ ಇದೆಯಲ್ಲ,
ಹನ್ನೆರಡರ ತನಕ.

ನಿಯಮದ ಹಾಳೆ ತಿರುಗಿಸಿ ನೋಡಿದೆ, ಎರಡೂ ಬದಿ.
ಗಡಿಯಾರದ ಮಾತೇ ಇರಲಿಲ್ಲ.
ಐದೂ ಇಪ್ಪತ್ತು. ಇಫ್ರಾ ಚೀಲ ಹೆಗಲಿಗೇರಿಸಿದಳು.
ನಡೆಯುತ್ತಿದೆಯಲ್ಲ, ಇರಲಿ ಬಿಡು, ಎಂದೆ.